ಕಾಪು ಲೈಟಿಗೆ ನೇರ, ಹದಿನೆಂಟು ಮಾರು

ನಮ್ಮ ವಿಶ್ವವಿದ್ಯಾಲಯದಲ್ಲಿ ರಕ್ಷಣಾ ಮತ್ತು ಭದ್ರತಾ ಅಧ್ಯಯನ ಕೇಂದ್ರ ಶುರುವಾದಾಗ ಅದರ ಪಾಲಿಗೆ ಬಂದದ್ದು ಒಂದು ಕೋಣೆ, ಎರಡು ಗೋದ್ರೆಜ್ ಕಪಾಟು, ಗೋಡೆಗೆ ತೂಗುಹಾಕಿದ ಒಂದು ಭೂಪಟ. ರಾಜ್ಯಶಾಸ್ತ್ರ ಪಾಠ ಮಾಡಿಕೊಂಡಿದ್ದ ನನ್ನನ್ನು ಕರೆದು, "ನೀವೇ ನೋಡಿಕೊಳ್ಳಿ ಮಾರಾಯ್ರೆ, ಬೇರೆ ಯಾರಿದ್ದಾರೆ" ಅಂದರು. ಹಾಗೆ ನಾನು ಸಂಯೋಜಕನಾದೆ. ಕೆಂಪು ಪಿನ್ನು ತಂದು ಸಿಯಾಚಿನ್, ದ್ರಾಸ್, ತವಾಂಗ್‌ಗಳ ಮೇಲೆ ಚುಚ್ಚಿದೆವು. ಮಂಗಳೂರು, ಉಡುಪಿಯ ಮೇಲೆ ಒಂದೂ ಪಿನ್ನಿರಲಿಲ್ಲ. ಕಿಟಕಿ ತೆರೆದರೆ ದೂರದಲ್ಲಿ ಕಡಲು ಕಾಣುತ್ತಿತ್ತು, ಪಣಂಬೂರು ಬಂದರಿನ ಹೊರಗೆ ಲಂಗರು ಹಾಕಿ ನಿಂತ ಹಡಗುಗಳೂ ಕಾಣುತ್ತಿದ್ದವು. ಮಳೆಗಾಲದಲ್ಲಿ ಎರಚಲು ಬರುತ್ತದೆಂದು ಆ ಕಿಟಕಿಯನ್ನು ಮುಚ್ಚಿಯೇ ಇಡುತ್ತಿದ್ದೆವು.

ಮೊದಲ ಎರಡು ವರ್ಷ ನಾವು ಮಾಡಿದ್ದು ಬರೀ ವಿಚಾರ ಸಂಕಿರಣ. ಫ್ಲೆಕ್ಸು, ದೀಪ ಬೆಳಗುವುದು, ನಿವೃತ್ತ ಸೇನಾಧಿಕಾರಿಯೊಬ್ಬರ ಭಾಷಣ, ಊಟ, ಪ್ರಮಾಣಪತ್ರ. ಮಕ್ಕಳು ಬರೆದು ತರುತ್ತಿದ್ದ ಪ್ರಬಂಧಗಳೆಲ್ಲ ಭಾರತ-ಚೀನಾ, ಭಾರತ-ಪಾಕಿಸ್ತಾನ. ದೆಹಲಿಯವರು ಬರೆದದ್ದಕ್ಕೆ ಒಂದಿಷ್ಟು ನೀರು ಬೆರೆಸಿ ಬಡಿಸುವ ಕೆಲಸ ಅದು. ಅದನ್ನು ಮಾಡಲು ಕರಾವಳಿಯಲ್ಲಿ ಕೂರಬೇಕಾಗಿಯೇ ಇರಲಿಲ್ಲ.

ಆ ಕೆಲಸಕ್ಕೆ ದೇಶದಲ್ಲಿ ಜನ ಇಲ್ಲದಿಲ್ಲ. ದೆಹಲಿಯ ರಕ್ಷಣಾ ಅಧ್ಯಯನ ಮತ್ತು ವಿಶ್ಲೇಷಣಾ ಸಂಸ್ಥೆ 1965ರದ್ದು, ಈಗ ಅದಕ್ಕೆ ಮನೋಹರ್ ಪರಿಕ್ಕರ್ ಹೆಸರಿದೆ. ಅಲಹಾಬಾದ್, ಪುಣೆ, ಮದ್ರಾಸ್, ಚಂಡೀಗಢದ ವಿಶ್ವವಿದ್ಯಾಲಯಗಳಲ್ಲಿ ರಕ್ಷಣಾ ಅಧ್ಯಯನ ವಿಭಾಗಗಳೇ ಉಂಟು. ಕಾರ್ಗಿಲ್ ಯುದ್ಧ ಮುಗಿದ ಕೂಡಲೇ 1999ರಲ್ಲಿ ಸರ್ಕಾರ ನೇಮಿಸಿದ ಪರಿಶೀಲನಾ ಸಮಿತಿಗೆ ಅಧ್ಯಕ್ಷರಾದವರು ಆ ದೆಹಲಿ ಸಂಸ್ಥೆಯನ್ನು ಕಟ್ಟಿದ ಕೆ. ಸುಬ್ರಹ್ಮಣ್ಯಂ. ನಾಲ್ವರ ಸಮಿತಿಯಲ್ಲಿ ಸಮವಸ್ತ್ರ ತೊಟ್ಟಿದ್ದವರು ಒಬ್ಬರೇ, ಲೆಫ್ಟಿನೆಂಟ್ ಜನರಲ್ ಹಜಾರಿ; ಉಳಿದಂತೆ ಒಬ್ಬರು ಪತ್ರಕರ್ತರು, ಇನ್ನೊಬ್ಬರು ವಿದೇಶಾಂಗ ಸೇವೆಯವರು. ಸೈನ್ಯದ ತಪ್ಪು ಒಪ್ಪುಗಳನ್ನು ಸೈನ್ಯದ ಹೊರಗಿನವರು ಕೂತು ನೋಡಬಹುದು ಎನ್ನುವುದಕ್ಕೆ ತರಗತಿಯಲ್ಲಿ ನಾನು ಕೊಡುತ್ತಿದ್ದ ಉದಾಹರಣೆ ಅದು. ಆದರೆ ಹೊರಗಿನವನಾದರೆ ಸಾಲದು, ಏನಾದರೂ ಗೊತ್ತಿರಬೇಕು. ನನಗೆ ಏನು ಗೊತ್ತಿತ್ತು?

ಅದು ಬಯಲಾದದ್ದು ಸುವರ್ಣ ತ್ರಿಭುಜ ಬೋಟಿನ ಸಮಯದಲ್ಲಿ. 2018ರ ಡಿಸೆಂಬರಿನಲ್ಲಿ ಉಡುಪಿಯ ಮಲ್ಪೆ ಬಂದರಿನಿಂದ ಏಳು ಮಂದಿಯನ್ನು ಹೊತ್ತು ಹೋದ ಬೋಟು ಮಹಾರಾಷ್ಟ್ರದ ಕಡೆ ಸಂಪರ್ಕ ಕಳೆದುಕೊಂಡಿತು. ದಿನಗಳು ವಾರಗಳಾದವು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಅಂಬಲಪಾಡಿಯಲ್ಲಿ ಹೆದ್ದಾರಿಗೆ ಇಳಿದರು. ಆಗ ಒಂದು ಟಿವಿ ವಾಹಿನಿಯವರು ನನಗೆ ಫೋನು ಮಾಡಿದರು. "ಸರ್, ನೀವು ರಕ್ಷಣಾ ತಜ್ಞರು, 26/11ರ ಹಾಗೆ ಅಪಹರಣ ಆಗಿರಬಹುದಾ?" ಮುಂಬೈಗೆ ಬಂದ ಉಗ್ರರು ಗುಜರಾತಿನ 'ಕುಬೇರ್' ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿದ್ದು ನಿಜ. ಅದನ್ನು ಹೇಳಿ, "ಸಾಧ್ಯತೆ ತಳ್ಳಿಹಾಕಲಾಗದು" ಎಂದು ಸೇರಿಸಿದೆ. ಆ ಒಂದು ವಾಕ್ಯ ರಾತ್ರಿಯಿಡೀ ಪರದೆಯ ಕೆಳಗೆ ಓಡಿತು.

ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಾಲ್ವಣದ ಆಚೆ ಕಡಲಡಿಯಲ್ಲಿ ಬೋಟಿನ ಅವಶೇಷ ಪತ್ತೆ ಹಚ್ಚಿತು. ಅಷ್ಟರೊಳಗೆ ನನ್ನ ಒಬ್ಬ ವಿದ್ಯಾರ್ಥಿ, ಮಲ್ಪೆಯ ಹುಡುಗ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ್ದ: "ಸರ್, ನೀವು ಯಾವತ್ತಾದರೂ ಬೋಟಿನ ಕ್ಯಾಬಿನ್ ಒಳಗೆ ಹೋಗಿದ್ದೀರಾ?" ಹೋಗಿರಲಿಲ್ಲ. ಬಂಗುಡೆ ತರಲು ಬೋಟು ಕಟ್ಟುವ ದಕ್ಕೆಯ ಹೊರಗಿನ ತನಕ ಹೋದದ್ದು ಬಿಟ್ಟರೆ ನನಗೂ ಮಲ್ಪೆಗೂ ಸಂಬಂಧವಿರಲಿಲ್ಲ.

ಆ ಜೂನಿನಲ್ಲಿ ಅವನೇ ಕರೆದುಕೊಂಡು ಹೋದ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳು ಒತ್ತಾಗಿ ಕಟ್ಟಿ ನಿಂತಿರುತ್ತವೆ, ಬಲೆ ದುರಸ್ತಿ ನಡೆಯುತ್ತಿರುತ್ತದೆ, ಬೋಟು ನಡೆಸುವ ತಂಡೇಲರಿಗೆ ಮಾತಾಡಲು ಪುರಸೊತ್ತಿರುತ್ತದೆ. ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಒಂದೇ ತೊಂದರೆ, ಬೋಟಿನಲ್ಲಿ ದುಡಿಯುವ ಒಡಿಶಾ, ಆಂಧ್ರದ ಕಲಾಸಿಗಳು ಆಗ ಊರಿಗೆ ಹೋಗಿರುತ್ತಾರೆ, ಅವರನ್ನು ಹಿಡಿಯಲು ಆಗಸ್ಟಿನ ನಂತರ ಮತ್ತೆ ಹೋಗಬೇಕು. ಸೆಮಿಸ್ಟರ್ ವೇಳಾಪಟ್ಟಿಯನ್ನು ಇದಕ್ಕೆ ಹೊಂದಿಸಲು ಪರೀಕ್ಷಾ ವಿಭಾಗದ ಜೊತೆ ಮಾಡಿದ ಜಗಳದ ಕತೆ ಬೇರೆಯೇ ಉಂಟು, ಬಿಡಿ.

ಅರುವತ್ತು ದಾಟಿದ ಒಬ್ಬ ತಂಡೇಲರು ಕ್ಯಾಬಿನ್ನಿಗೆ ಹತ್ತಿಸಿಕೊಂಡರು. ಜಿಪಿಎಸ್, ಮೀನು ತೋರಿಸುವ ಫಿಶ್ ಫೈಂಡರ್, ವಯರ್‌ಲೆಸ್, ಒಂದು ದೇವರ ಪಟ, ಅದರ ಹಿಂದೆ ಸಿಕ್ಕಿಸಿದ್ದ ಬೈಂಡು ಬಿಟ್ಟ ನೋಟ್‌ಬುಕ್. ಅದರ ತುಂಬ ಅಂಕಿಗಳು: ಎಲ್ಲಿ ಕಲ್ಲುಂಟು, ಎಲ್ಲಿ ಮುಳುಗಿದ ಹಡಗು ಬಲೆ ಹರಿಯುತ್ತದೆ. ನಾನು ನನ್ನ ಪ್ರಶ್ನಾವಳಿ ತೆಗೆದೆ. "ಸಂಶಯದ ಬೋಟು ಕಂಡರೆ ಪೊಲೀಸರಿಗೆ ತಿಳಿಸುತ್ತೀರಾ?"

ಅವರು ನಕ್ಕರು. "ತಿಳಿಸ್ಬಹುದು ಮಾಷ್ಟ್ರೆ. ಆದ್ರೆ ಎಂತ ಹೇಳುದು? ಅವರು ಕೇಳುದು ದಡದಿಂದ ಎಷ್ಟು ನಾಟಿಕಲ್ ಮೈಲು ಅಂತ. ನಮ್ಮ ಬಾಯಲ್ಲಿ ಬರುದು ಕಾಪು ಲೈಟಿಗೆ ನೇರ, ಹದಿನೆಂಟು ಮಾರು. ಅವರಿಗೆ ಅದು ಅರ್ಥ ಆಗುದಿಲ್ಲ, ನಮಗೆ ಇದು."

ಇದನ್ನು ಬಿಡಿಸಿ ಹೇಳಬೇಕು. ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಸುಮಾರು ಆರು ಅಡಿ. ಮೀನುಗಾರರಿಗೆ ಅದು ನೀರಿನ ಆಳದ ಅಳತೆ, ಆದರೆ ದಡದಿಂದ ಎಷ್ಟು ದೂರ ಎಂದು ಹೇಳುವುದೂ ಅದರಲ್ಲೇ. ಆಳ ಗೊತ್ತು, ದಿಕ್ಕಿಗೆ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ಉಂಟು. ಎರಡೂ ಸೇರಿದರೆ ಜಾಗ ಸಿಕ್ಕಿತು. ಪೊಲೀಸರಿಗೂ ಕೋಸ್ಟ್ ಗಾರ್ಡಿಗೂ ಬೇಕಾದದ್ದು ಅಕ್ಷಾಂಶ, ರೇಖಾಂಶ. ಒಂದು ನಾಟಿಕಲ್ ಮೈಲು ಎಂದರೆ 1,852 ಮೀಟರು, ಹನ್ನೆರಡು ನಾಟಿಕಲ್ ಮೈಲಿನ ತನಕ ಮೀನುಗಾರಿಕೆಯಲ್ಲಿ ರಾಜ್ಯದ ಕಾನೂನು, ಆಚೆ ಕೇಂದ್ರದ್ದು. ಹಾಗಾಗಿ ಮಲ್ಪೆಯ ಬೋಟು ಗೋವಾದಲ್ಲೋ ಮಹಾರಾಷ್ಟ್ರದಲ್ಲೋ ಸಿಕ್ಕಿಬಿದ್ದರೆ ಜಗಳ ನಿಲ್ಲುವುದೂ ಆ ಹನ್ನೆರಡರ ಮೇಲೆಯೇ. ಮುಂಬೈ ದಾಳಿಯ ಬಳಿಕ ಕರಾವಳಿ ಕಾವಲು ಪೊಲೀಸ್ ಠಾಣೆಗಳು ಗಟ್ಟಿಯಾದವು, ಬಯೋಮೆಟ್ರಿಕ್ ಕಾರ್ಡು ಬಂತು, ಸಾಗರ ಕವಚ ಅಣಕು ಕಾರ್ಯಾಚರಣೆ ನಡೆಯತೊಡಗಿತು, ಮೀನುಗಾರರನ್ನು ಕಡಲಿನ ಕಣ್ಣು ಕಿವಿ ಎಂದು ಭಾಷಣಗಳಲ್ಲಿ ಹೊಗಳಿದರು. ಕಣ್ಣು ಕಂಡದ್ದನ್ನು ಕಿವಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು ಹೇಗೆ ಎಂದು ಕೇಳಿದವರು ಕಡಿಮೆ.

ಕೇಂದ್ರಕ್ಕೆ ಕೆಲಸ ಸಿಕ್ಕಿದ್ದು ಅಲ್ಲಿ. ಅಧಿಕಾರಿಗಳು ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಹೊಸಬರು ಬಂದು ಮತ್ತೆ ಮೊದಲಿನಿಂದ ಕಲಿಯುತ್ತಾರೆ. ಪೊಲೀಸರ ಫೈಲು ಬಂದರಿನವರಿಗೆ ಕಾಣದು, ಮೀನುಗಾರಿಕೆ ಇಲಾಖೆಯದ್ದು ಇಬ್ಬರಿಗೂ ಕಾಣದು. ವರ್ಗ ಆಗದೆ ಒಂದೇ ಕಡೆ ಕೂರುವವರು ತಂಡೇಲರು ಮತ್ತು ಮೇಷ್ಟ್ರುಗಳು. ನಾವು ಒಂದು ಘಟನಾ ವಹಿ ಶುರು ಮಾಡಿದೆವು. ಪತ್ರಿಕೆಯಲ್ಲಿ ಬಂದದ್ದು, ಸರ್ಕಾರಿ ಪ್ರಕಟಣೆಯಲ್ಲಿ ಇದ್ದದ್ದು, ದಕ್ಕೆಯಲ್ಲಿ ಕೇಳಿದ್ದು: ಮೂರಕ್ಕೂ ಬೇರೆ ಬೇರೆ ಬಣ್ಣದ ಶಾಯಿ. ಬೋಟು ಮುಳುಗಿದ್ದು, ಹಡಗು ಢಿಕ್ಕಿ, ಪಕ್ಕದ ರಾಜ್ಯದವರು ಬೋಟು ಹಿಡಿದದ್ದು, ಎಲ್ಲ. ಈಗ ಅದು ಕಂಪ್ಯೂಟರಿನಲ್ಲಿದೆ, ಆದರೆ ಮೂರು ಬಣ್ಣ ಹಾಗೆಯೇ ಇದೆ. ಟಿವಿಯವರು ಕೇಳಿದರೆ ನಾನೀಗ ವಹಿ ನೋಡದೆ ಬಾಯಿ ಬಿಡುವುದಿಲ್ಲ. ಅವರೂ ಈಗ ಹೆಚ್ಚು ಕೇಳುವುದಿಲ್ಲ.

ಪ್ರಶ್ನಾವಳಿಯ ಗತಿ ಹೇಳದಿದ್ದರೆ ಅನ್ಯಾಯ. ಇಂಗ್ಲಿಷಿನಲ್ಲಿದ್ದದ್ದನ್ನು "ನೀವು ಎದುರಿಸುವ ಪ್ರಮುಖ ಭದ್ರತಾ ಬೆದರಿಕೆಗಳು ಯಾವುವು?" ಎಂದು ಕನ್ನಡ ಮಾಡಿದ್ದೆವು. ಬಂದ ಉತ್ತರಗಳು: ಲೈಟ್ ಫಿಶಿಂಗ್, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್, ಡೀಸೆಲ್ ದರ, ಗಾಳಿ. ಒಬ್ಬರು "ಬ್ಯಾಂಕ್" ಎಂದು ಬರೆಸಿದ್ದರು. ಭಯೋತ್ಪಾದನೆ ಯಾರ ಬಾಯಲ್ಲೂ ಬರಲಿಲ್ಲ. ಉತ್ತರ ತಪ್ಪೆಂದು ಮೊದಲು ಬೇಸರಪಟ್ಟೆವು. ಮತ್ತೆ ಕೂತು ನೋಡಿದರೆ, ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತ್ತು, ಆ ವಿಷಯದಲ್ಲಿ ನಾಡದೋಣಿಯವರಿಗೂ ದೊಡ್ಡ ಬೋಟಿನವರಿಗೂ ನಡುವೆ ಹೊಗೆಯಾಡುತ್ತಲೇ ಇತ್ತು. ತಮ್ಮೊಳಗೇ ಮಾತು ಬಿಟ್ಟವರು ರಾತ್ರಿ ಅಪರಿಚಿತ ಬೋಟು ಕಂಡರೆ ಒಬ್ಬರಿಗೊಬ್ಬರು ವಯರ್‌ಲೆಸ್‌ನಲ್ಲಿ ಹೇಳಿಕೊಳ್ಳುವುದಿಲ್ಲ. ಅವರ ಉತ್ತರವೇ ಸರಿ ಇತ್ತು.

ಎಲ್ಲಕ್ಕಿಂತ ಕಷ್ಟದ್ದು ನಂಬಿಕೆ. 'ರಕ್ಷಣಾ ಕೇಂದ್ರ' ಎಂಬ ಹೆಸರು ಕೇಳಿದ ಕೂಡಲೇ ದಕ್ಕೆಯಲ್ಲಿ ಮಾತು ನಿಲ್ಲುತ್ತಿತ್ತು. ನಮ್ಮನ್ನು ಇಲಾಖೆಯ ಮಾಹಿತಿದಾರರೆಂದು ತಿಳಿಯುತ್ತಿದ್ದರು. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆವು. ಹೆಸರು, ಬೋಟಿನ ನಂಬರು ಬರೆಯುವುದಿಲ್ಲ. ಬರೆದ ಪುಟವನ್ನು ಮಾತಾಡಿದವರಿಗೇ ಓದಿ ಹೇಳುತ್ತೇವೆ, ಬೇಡ ಅಂದದ್ದನ್ನು ಅವರೆದುರೇ ಹೊಡೆದುಹಾಕುತ್ತೇವೆ. ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಲಾಗದ ಮಾಹಿತಿ ನಮ್ಮ ಕಪಾಟಿನಲ್ಲಿ ಇರಕೂಡದು. ಅಧಿಕೃತ ರಹಸ್ಯಗಳ ಕಾಯ್ದೆ 1923ರದ್ದು, ಇನ್ನೂ ಜೀವಂತವಾಗಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ಕಲಮು ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಯನ್ನು ಹೊರಗಿಡುತ್ತದೆ. ರಹಸ್ಯ ಬೇಕೆಂದು ಆಸೆಪಡುವ ಸಂಶೋಧಕ ಆ ಎರಡರ ನಡುವೆ ಸಿಕ್ಕಿಕೊಳ್ಳುತ್ತಾನೆ. ಬಹಿರಂಗವಾಗಿ ಸಿಗುವುದನ್ನೇ ಯಾರೂ ಸರಿಯಾಗಿ ಜೋಡಿಸಿಟ್ಟಿಲ್ಲ, ಅದೇ ಬೇಕಾದಷ್ಟು ಕೆಲಸ.

ಆ ಪದ್ಧತಿಯ ಪರೀಕ್ಷೆ ಎರಡನೇ ವರ್ಷವೇ ಬಂತು. ಒಂದು ಕಚೇರಿಯಿಂದ ಫೋನು: ಹೊರರಾಜ್ಯದ ಕಲಾಸಿಗಳ ಬಗ್ಗೆ ನೀವು ಸರ್ವೆ ಮಾಡಿದ್ದೀರಂತೆ, ಹೆಸರಿನ ಪಟ್ಟಿ ಕೊಡಿ. "ಹೆಸರು ಬರೆದಿಲ್ಲ ಸರ್" ಅಂದೆ. ನಂಬಲಿಲ್ಲ. ಹುಡುಗರು ಬರೆದ ಹಾಳೆಗಳನ್ನೇ ಒಯ್ದು ಮೇಜಿನ ಮೇಲಿಟ್ಟೆ. ತಿರುವಿ ನೋಡಿ, "ಇದರಿಂದ ನಮಗೆ ಪ್ರಯೋಜನವಿಲ್ಲ" ಅಂದರು. ಹೊರಗೆ ಬಂದು ಒಂದು ಚಹಾ ಕುಡಿದೆ. ಕೈ ಸ್ವಲ್ಪ ನಡುಗುತ್ತಿತ್ತು.

ನಮ್ಮ ಕೈಯಿಂದ ಹೊರಬಂದ ಮೊದಲ ಉಪಯೋಗದ ವಸ್ತು ಒಂದು ಹಾಳೆ. ಅಪರಿಚಿತ ಬೋಟು ಕಂಡರೆ ಏನು ಹೇಳಬೇಕು, ಯಾರಿಗೆ. ಮೊದಲ ಕರಡಿನಲ್ಲಿ "ಸಂಶಯಾಸ್ಪದ ಚಲನವಲನ" ಎಂದೆಲ್ಲ ಎರಡು ಪುಟ ಇತ್ತು. ತಂಡೇಲರು ಕನ್ನಡಕ ಏರಿಸಿ ಓದಿ, "ಇದನ್ನು ಓದಿ ಮುಗಿಸುವಷ್ಟರಲ್ಲಿ ಆ ಬೋಟು ಗೋವಾ ಮುಟ್ಟಿರ್ತದೆ" ಅಂದರು. ಕೊನೆಗೆ ಐದು ಗೆರೆಗೆ ಇಳಿಸಿದೆವು: ಗಂಟೆ ಎಷ್ಟು, ಯಾವ ಲೈಟಿಗೆ ನೇರ, ಎಷ್ಟು ಮಾರು, ಜಿಪಿಎಸ್ ಪರದೆಯ ಎರಡು ಸಾಲು ಹಾಗೆಯೇ ಓದಿ, ಬೋಟಿನ ಬಣ್ಣ. ಕೆಳಗೆ ದಪ್ಪಕ್ಷರದಲ್ಲಿ ಎರಡು ನಂಬರು, ಕರಾವಳಿ ಪೊಲೀಸರ 1093, ಕೋಸ್ಟ್ ಗಾರ್ಡಿನ 1554. ಹಿಂಬದಿಯಲ್ಲಿ ಮಾರು, ಮೀಟರು ಕೋಷ್ಟಕ. ಒಡಿಯಾದಲ್ಲಿ ಒಂದು, ತೆಲುಗಿನಲ್ಲಿ ಒಂದು ಮಾಡಿಸಿದೆವು. ಲ್ಯಾಮಿನೇಶನ್ ಮಾತ್ರ ಉಪ್ಪುಗಾಳಿಗೆ ಎರಡೇ ತಿಂಗಳಲ್ಲಿ ಬಿಟ್ಟುಕೊಂಡಿತು.

ಮೀನುಗಾರಿಕೆ ಒಂದೇ ಅಲ್ಲ. ನಮ್ಮ ಮಕ್ಕಳಿಗೆ ಯುದ್ಧ ಎಂದರೆ ಹಿಮಾಲಯ ಎಂಬ ಭಾವನೆ ಹೋಗಿಸಿದ್ದು ಕೆಮ್ ಪ್ಲೂಟೊ ಎಂಬ ಟ್ಯಾಂಕರು. 2023ರ ಡಿಸೆಂಬರ್ 23ರಂದು ಅರಬ್ಬಿ ಸಮುದ್ರದಲ್ಲಿ ಅದಕ್ಕೆ ಡ್ರೋನ್ ಬಡಿಯಿತು. ಸೌದಿಯಿಂದ ಅದು ಹೊರಟಿದ್ದದ್ದು ಬೇರೆಲ್ಲಿಗೂ ಅಲ್ಲ, ನಮ್ಮ ಪಣಂಬೂರಿಗೆ. ಕೋಸ್ಟ್ ಗಾರ್ಡಿನ ವಿಕ್ರಮ್ ಹಡಗು ಜೊತೆಗಿದ್ದು ಮುಂಬೈಗೆ ತಲುಪಿಸಿತು. ಮರುವಾರ ತರಗತಿಯಲ್ಲಿ ಭೂಪಟ ಹಾಸಿ ಕೇಳಿದೆ: ಇಂಥ ಹಡಗುಗಳು ಬರುವುದು ನಿಂತರೆ ನಮ್ಮಲ್ಲಿ ಎಷ್ಟು ಎಣ್ಣೆ ಉಂಟು? ಕಾಲ ಕೆಳಗೇ ಇದೆ ಎಂದು ಮುಕ್ಕಾಲುಪಾಲು ಮಕ್ಕಳಿಗೆ ಗೊತ್ತಿರಲಿಲ್ಲ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಬಂಡೆಯ ಗುಹೆಗಳು. ವಿಶಾಖಪಟ್ಟಣದ್ದೂ ಸೇರಿದರೆ 53 ಲಕ್ಷ ಟನ್ ಚಿಲ್ಲರೆ. ಪೂರ್ತಿ ತುಂಬಿದ್ದರೂ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ.

ಆ ಗುಹೆಗಳಿಗೆ ಉಕ್ಕಿನ ಹೊದಿಕೆ ಇಲ್ಲ. ಸುತ್ತಲಿನ ಬಂಡೆಯೊಳಗಿನ ನೀರಿನ ಒತ್ತಡವೇ ಎಣ್ಣೆಯನ್ನು ಒಳಗೆ ತಡೆದು ನಿಲ್ಲಿಸುತ್ತದೆ. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹಾಗಾದರೆ ಅಲ್ಲಿನ ಬಾವಿ ನೀರೂ ರಕ್ಷಣಾ ವಿಷಯವೇ ಅಲ್ವಾ ಸರ್?" ಎಂದಳು. ಅವಳ ಸ್ನಾತಕೋತ್ತರ ಕಿರುಪ್ರಬಂಧ ಅದೇ ಆಯಿತು, ನಾನೂ ಭೂವಿಜ್ಞಾನದವರೂ ಸೇರಿ ಮಾರ್ಗದರ್ಶನ ಮಾಡಿದೆವು. ಮೌಲ್ಯಮಾಪನಕ್ಕೆ ಬಂದವರು "ಇದರಲ್ಲಿ ರಕ್ಷಣೆ ಎಲ್ಲಿದೆ?" ಎಂದು ಬರೆದು ಕಳಿಸಿದರು. ಅಂಕ ಮಾತ್ರ ಚೆನ್ನಾಗಿಯೇ ಕೊಟ್ಟಿದ್ದರು.

ಕಳೆದ ವರ್ಷಗಳಲ್ಲಿ ನನಗೆ ನೆನಪಿನಲ್ಲಿ ಉಳಿದದ್ದು 2025ರ ಜೂನ್ 9. ಕೊಲಂಬೋದಿಂದ ಮುಂಬೈ ಕಡೆ ಹೊರಟಿದ್ದ ವಾನ್ ಹೈ 503 ಎಂಬ ಕಂಟೈನರ್ ಹಡಗಿಗೆ ಕೇರಳದ ಆಚೆ ಬೆಂಕಿ ಬಿತ್ತು. ಇಪ್ಪತ್ತೆರಡು ಮಂದಿಯಲ್ಲಿ ಹದಿನೆಂಟು ಜನರನ್ನು ನೌಕಾಪಡೆಯ ಸೂರತ್ ಹಡಗು ಅದೇ ರಾತ್ರಿ ಪಣಂಬೂರಿಗೆ ತಂದಿತು. ವಹಿಯಲ್ಲಿ ದಾಖಲಿಸಲು ಇಬ್ಬರು ವಿದ್ಯಾರ್ಥಿಗಳು ಕೇಂದ್ರದಲ್ಲೇ ಉಳಿದಿದ್ದರು. ಮರುದಿನ ಬೆಳಿಗ್ಗೆ ತಂಡೇಲರ ಫೋನು ಬಂತು.

"ಮಾಷ್ಟ್ರೆ, ಆ ಕಂಟೈನರುಗಳು ನೀರಿಗೆ ಬಿದ್ದಿದ್ದಾವಂತೆ. ಎಲ್ಲಿ ಅಂತ ಸರ್ಕಾರದವರು ಅಕ್ಷಾಂಶದಲ್ಲಿ ಹೇಳಿರ್ಬೇಕಲ್ಲ. ಅದು ನಮ್ಮ ಲೆಕ್ಕದಲ್ಲಿ ಎಷ್ಟು ಮಾರು? ಆಗಸ್ಟಲ್ಲಿ ಬಲೆ ಹಾಕ್ಲಿಕ್ಕುಂಟು."

ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದೆ. ಹುಡುಗರು ನಕ್ಷೆ ಬಿಚ್ಚಿದರು. ಮಳೆ ನಿಂತಿತ್ತು, ಒಬ್ಬ ಹೋಗಿ ಕಿಟಕಿ ತೆರೆದ.