ಹೊಸಬರಿಗೆ ಮಾರ್ಗದರ್ಶಿ: ವರ್ಷವಿಡೀ ಓಡಲು ಯಾವ ಟೈರು?

ಟೊರೊಂಟೊ, ಮಿಸಿಸಾಗ, ಬ್ರಾಂಪ್ಟನ್ ಕಡೆ ಹೊಸದಾಗಿ ಬಂದ ಎಲ್ಲ ಕುಟುಂಬಗಳಿಗೂ ಸಂಘದ ನಮಸ್ಕಾರ. ಲೈಸೆನ್ಸ್, ಇನ್ಶೂರೆನ್ಸ್, ಹಳೇ ಕಾರು ಕೊಳ್ಳುವುದು, ಇವಕ್ಕೆ ಬೇರೆ ಭಾಗಗಳಿವೆ. ಇದು ಬರೀ ಟೈರಿನ ಭಾಗ. ಟೈರಿಗೂ ಒಂದು ಭಾಗ ಬೇಕಾ ಅಂತ ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಬೇಕು.

ಹೆಸರು ನಂಬಬೇಡಿ

ನಾನು ಬಂದ ವರ್ಷ ಅಕ್ಟೋಬರ್‌ನಲ್ಲಿ ಒಂದು ಹಳೇ ಕಾರು ಕೊಂಡೆ. ಮಾರಿದವರು "ಆಲ್ ಸೀಸನ್ ಟೈರ್ ಇದೆ, ಯೋಚನೆ ಇಲ್ಲ" ಅಂದರು. ಆಲ್ ಸೀಸನ್ ಅಂದಮೇಲೆ ಎಲ್ಲ ಕಾಲಕ್ಕೂ ಆಗುತ್ತೆ ಅಂತಲೇ ಅಲ್ವಾ? ಊರಲ್ಲಿ ಮಳೆಗಾಲ, ಚಳಿಗಾಲ, ಬೇಸಿಗೆ ಮೂರನ್ನೂ ಒಂದೇ ಟೈರಿನಲ್ಲಿ ಕಳೆದವರು ನಾವು. ಇನ್ನೊಂದು ಮಾತು ಕೇಳಲಿಲ್ಲ.

ನವೆಂಬರ್ ಕೊನೆಯ ವಾರ ಮೊದಲ ಹಿಮ ಬಿತ್ತು. ಮಗಳನ್ನು ಡೇಕೇರ್‌ಗೆ ಬಿಡಲು ಹೊರಟಿದ್ದೆ. ಇಳಿಜಾರಿನ ಕೊನೆಗೆ ಸಿಗ್ನಲ್ ಕೆಂಪಾಯಿತು. ಹೆಚ್ಚು ಅಂದರೆ 30ರ ವೇಗ. ಬ್ರೇಕ್ ತುಳಿದೆ. ಕಾಲಡಿ ಎಬಿಎಸ್ ಗಡಗಡ ಅಂತು, ಕಾರು ಮಾತ್ರ ಜಾರುತ್ತಲೇ ಹೋಯಿತು. ಅಡ್ಡರಸ್ತೆಯಲ್ಲಿ ಬಸ್ಸು ಬರುತ್ತಿತ್ತು. ಸ್ಟೀರಿಂಗ್ ಬಲಕ್ಕೆ ಎಳೆದೆ. ಚಕ್ರ ಫುಟ್‌ಪಾತಿನ ಅಂಚಿಗೆ ಬಡಿದು ನಿಂತೆವು. ರಿಮ್ ಬಗ್ಗಿತು. ಮಗಳಿಗೆ ಏನೂ ಆಗಲಿಲ್ಲ. ಆ ಬಸ್ಸು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈ ಭಾಗ ಉದ್ದ ಆಗಿರುವುದು ಅದಕ್ಕೇ.

ಡಿಸೆಂಬರ್‌ನಲ್ಲಿ ಊರಿನ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗುತ್ತದಲ್ಲ, ಚಳಿಗೆ ರಬ್ಬರೂ ಹಾಗೇ ಬಿಗಿಯುತ್ತದೆ. ಇಲ್ಲಿನ ಮಾಮೂಲಿ ಆಲ್ ಸೀಸನ್ ಟೈರು ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದಂತೆ ಹಿಡಿತ ಕಳೆದುಕೊಳ್ಳುತ್ತಾ ಬರುತ್ತದೆ. ಅದಕ್ಕೆ ಹಿಮವೇ ಬೀಳಬೇಕಾಗಿಲ್ಲ. ಒಣ ರಸ್ತೆಯಲ್ಲೂ ಬ್ರೇಕ್ ಹಾಕಿದ ಮೇಲೆ ಕಾರು ಜಾಸ್ತಿ ದೂರ ಹೋಗಿ ನಿಲ್ಲುತ್ತದೆ. ಟೊರೊಂಟೊದಲ್ಲಿ ನವೆಂಬರ್ ನಡುವಿನಿಂದ ಏಪ್ರಿಲ್ ಶುರುವಿನವರೆಗೆ ಬೆಳಗಿನ ಹೊತ್ತು 7ಕ್ಕಿಂತ ಕೆಳಗಿರುವ ದಿನಗಳೇ ಹೆಚ್ಚು. ಅಷ್ಟು ತಿಂಗಳು ಆ ಟೈರಿನ ಹೆಸರಿಗೆ ಅರ್ಥವಿಲ್ಲ.

ಹಾಗಾದರೆ ಏನು ನೋಡಬೇಕು

ಟೈರಿನ ಪಕ್ಕೆಯಲ್ಲಿ ಎರಡು ಗುರುತು ಹುಡುಕಿ. ಒಂದು, ಎಂ+ಎಸ್ (M+S) ಅನ್ನುವ ಅಕ್ಷರ. ಮಡ್ (ಕೆಸರು), ಸ್ನೋ (ಹಿಮ) ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರ ಅದು. ರಸ್ತೆಗೆ ತಾಗುವ ಮೈಮೇಲಿನ ಗೀರುಗಳು ಇಷ್ಟು ಅಗಲ ಇವೆ ಅನ್ನುವುದಷ್ಟೇ ಅದರ ಅರ್ಥ. ಅದಕ್ಕೆ ಹಿಮದ ಮೇಲೆ ಓಡಿಸಿ ಪಾಸಾಗುವ ಪರೀಕ್ಷೆ ಇಲ್ಲ. ನನ್ನ ಕಾರಿನ ನಾಲ್ಕೂ ಟೈರಿನ ಮೇಲೆ ಅದೇ ಇತ್ತು.

ಎರಡನೆಯದು ಚಿತ್ರ: ಮೂರು ತುದಿಯ ಬೆಟ್ಟ, ಅದರೊಳಗೆ ಹಿಮದ ಹರಳು. ಹಿಮದ ಮೇಲೆ ಓಡಿಸಿ, ಒಂದು ಮಾದರಿ ಟೈರಿಗಿಂತ ಚೆನ್ನಾಗಿ ಎಳೆದರೆ ಮಾತ್ರ ಈ ಗುರುತು ಹಾಕಬಹುದು. ಬೆಟ್ಟ ಮತ್ತು ಹರಳು, ಎರಡೂ ಇರಬೇಕು. ಇದೊಂದನ್ನು ಮನೆಮಂದಿಗೆಲ್ಲ ಕಲಿಸಿಬಿಡಿ. ಆದರೆ ಆ ಪರೀಕ್ಷೆ ನೋಡುವುದು ಕಾರು ಹಿಮದಲ್ಲಿ ಮುಂದಕ್ಕೆ ಹೊರಡುವ ಶಕ್ತಿಯನ್ನು. ಮಂಜುಗಡ್ಡೆಯ ಮೇಲೆ ನಿಲ್ಲುವುದನ್ನಲ್ಲ. ಗುರುತಿದೆ ಅಂತ ವೇಗವಾಗಿ ಹೋಗಬೇಡಿ.

ಇಲ್ಲಿ ಅಂಗಡಿಯಲ್ಲಿ ಮೂರು ಜಾತಿ ಸಿಗುತ್ತದೆ. ಆಲ್ ಸೀಸನ್, ಅಂದರೆ ಬೆಟ್ಟದ ಗುರುತಿಲ್ಲದ ಮಾಮೂಲಿ. ಆಲ್ ವೆದರ್, ಅಂದರೆ ಬೆಟ್ಟದ ಗುರುತಿದ್ದು ಬೇಸಿಗೆಯಲ್ಲೂ ಓಡಿಸುವಂಥದ್ದು. ವಿಂಟರ್, ಅಂದರೆ ಚಳಿಗಾಲಕ್ಕೆ ಮಾತ್ರ. ಮೊದಲೆರಡರ ಹೆಸರು ಕೇಳಲು ಒಂದೇ ಥರ ಇದೆ, ಎಲ್ಲರೂ ಎಡವುವುದು ಇಲ್ಲೇ. ಫೋನಿನಲ್ಲಿ ಕೇಳುವಾಗ "ವೆದರ್" ಅಂತ ಬಿಡಿಸಿ ಹೇಳಿ. ಬಿಲ್ ಕೊಡುವ ಮೊದಲು ಹೊರಗೆ ಹೋಗಿ ಟೈರಿನ ಪಕ್ಕೆ ನೀವೇ ನೋಡಿ.

ಯಾರಿಗೆ ಯಾವುದು

ವರ್ಷವಿಡೀ ಒಂದೇ ಸೆಟ್ ಬೇಕು ಅನ್ನುವವರಿಗೆ ಸಂಘದ ಸಲಹೆ ಆಲ್ ವೆದರ್. ಕಾಂಡೋದಲ್ಲಿದ್ದು ನಾಲ್ಕು ಟೈರು ಇಡಲು ಜಾಗ ಇಲ್ಲದವರು, ಮನೆಯಿಂದಲೇ ಕೆಲಸ ಮಾಡುವವರು, ಹಿಮ ತೆಗೆದ ಮೇಲಷ್ಟೇ ಕಾರು ಹೊರಗೆ ತೆಗೆಯುವವರು, ಇವರಿಗೆ ಅದು ಸಾಕು. ವರ್ಷಕ್ಕೆರಡು ಸಲ ಟೈರ್ ಅಂಗಡಿಯಲ್ಲಿ ಕಾಯುವುದೂ ತಪ್ಪುತ್ತದೆ.

ಆದರೆ ಬ್ಯಾರಿ ಕಡೆ 400 ಹೆದ್ದಾರಿಯಲ್ಲಿ ದಿನಾ ಓಡಾಡುವವರು, ಆರೆಂಜ್‌ವಿಲ್ ಕಡೆ ಮನೆ ಮಾಡಿದವರು ವಿಂಟರ್ ಸೆಟ್ಟನ್ನೇ ಕೊಳ್ಳಿ. ಜಾರ್ಜಿಯನ್ ಬೇ ನೀರಿನ ಮೇಲಿಂದ ಬರುವ ಹಿಮಗಾಳಿ ಕೆಲವೇ ನಿಮಿಷದಲ್ಲಿ ರಸ್ತೆ ಕಾಣದಂತೆ ಮಾಡುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ಅಕ್ಕತಂಗಿಯರು ಬೆಳಗಿನ 5ಕ್ಕೆ, ಹಿಮ ತೆಗೆಯುವ ಗಾಡಿ ಬರುವ ಮೊದಲೇ ಹೊರಡುತ್ತಾರೆ. ಅವರಿಗೂ ವಿಂಟರೇ ಬೇಕು. ಮಂಜುಗಡ್ಡೆಯ ಮೇಲೆ ಒಳ್ಳೆಯ ವಿಂಟರ್ ಟೈರು ನಿಲ್ಲಿಸುವ ಹಾಗೆ ಆಲ್ ವೆದರ್ ನಿಲ್ಲಿಸುವುದಿಲ್ಲ. ಇದರಲ್ಲಿ ದುಡ್ಡಿನ ಮುಖ ನೋಡಬೇಡಿ. ಎರಡು ಸೆಟ್ ಇದ್ದರೆ ಒಂದೊಂದೂ ಅರ್ಧ ವರ್ಷವೇ ಸವೆಯುವುದು. ಹಾಗಾಗಿ ಎರಡೂ ಹೆಚ್ಚು ವರ್ಷ ಬರುತ್ತವೆ. ನಿಜವಾಗಿ ಜಾಸ್ತಿ ಆಗುವುದು ಇನ್ನೊಂದು ಸೆಟ್ ರಿಮ್ಮಿನ ದುಡ್ಡು, ಬದಲಿಸುವ ಕೂಲಿ.

ಕೆಲವರು ವಿಂಟರ್ ಟೈರನ್ನೇ ಜುಲೈನಲ್ಲೂ ಓಡಿಸುತ್ತಾರೆ. ದಯವಿಟ್ಟು ಬೇಡ. ಬಿಸಿಲಿಗೆ ಆ ಮೆದು ರಬ್ಬರು ಬೇಗ ಸವೆಯುತ್ತದೆ, ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ.

ಎರಡು ಸೆಟ್ ಇಟ್ಟವರು ನೆನಪಿಡಲು ಸುಲಭ: ರಾಜ್ಯೋತ್ಸವಕ್ಕೆ ಹಾಕಿಸಿ, ಯುಗಾದಿ ಕಳೆದ ಮೇಲೆ ಬಿಚ್ಚಿಸಿ. ಯುಗಾದಿ ಮಾರ್ಚಿನಲ್ಲೇ ಬಂದರೆ ಏಪ್ರಿಲ್ ನಡುವಿನವರೆಗೆ ತಡೆಯಿರಿ. ಮೊದಲ ಹಿಮ ಬಿದ್ದ ಮೇಲೆ ಫೋನ್ ಮಾಡಿದರೆ ಅಂಗಡಿಯವರು ಎರಡು ಮೂರು ವಾರ ಆಚೆಯ ದಿನ ಕೊಡುತ್ತಾರೆ.

ಆಲ್ ವೆದರ್‌ನಲ್ಲಿ ಯಾವ ಕಂಪನಿ

ಮಿಷೆಲಿನ್ ಕ್ರಾಸ್‌ಕ್ಲೈಮೇಟ್2 ನಮ್ಮವರಲ್ಲಿ ತುಂಬ ಜನರ ಕಾರಿನಲ್ಲಿದೆ. ಬಾಣದ ತುದಿಯ ಹಾಗೆ ಗೀರುಗಳಿವೆ, ಮಳೆಯಲ್ಲೂ ಹಿಮದಲ್ಲೂ ಚೆನ್ನಾಗಿ ನಿಲ್ಲುತ್ತದೆ. ಬೆಲೆ ಜಾಸ್ತಿ. ಅದು ಒಂದೇ ದಿಕ್ಕಿಗೆ ತಿರುಗಬೇಕಾದ ಟೈರು, ಪಕ್ಕೆಯಲ್ಲಿ ಬಾಣದ ಗುರುತು ಇರುತ್ತದೆ. ಹಾಗಾಗಿ ಎಡಗಡೆಯದನ್ನು ಹಾಗೇ ಬಲಕ್ಕೆ ಹಾಕುವಂತಿಲ್ಲ, ಮುಂದಿನದು ಹಿಂದಕ್ಕೆ ಮಾತ್ರ. ಫಿನ್ಲೆಂಡಿನ ನೋಕಿಯನ್ 1934ರಲ್ಲೇ ಚಳಿಗಾಲದ ಟೈರು ಮಾಡಿದ ಕಂಪನಿ. ಅವರ ರೆಮಿಡಿ ಡಬ್ಲ್ಯೂಆರ್‌ಜಿ5 ಟೈರಿನ ಪಕ್ಕೆಯಲ್ಲಿ ಅರಾಮಿಡ್ ಎಂಬ ಗಟ್ಟಿ ನಾರು ಸೇರಿಸಿದ್ದಾರೆ. ಮಾರ್ಚಿನಲ್ಲಿ ಹಿಮ ಕರಗಿ ರಸ್ತೆ ತುಂಬ ಗುಂಡಿ ಬಿದ್ದಾಗ ಅದರ ಬೆಲೆ ತಿಳಿಯುತ್ತದೆ. ಟೋಯೊ ಸೆಲ್ಸಿಯಸ್, ಫೈರ್‌ಸ್ಟೋನ್ ವೆದರ್‌ಗ್ರಿಪ್ ಕೂಡ ಇವೆ. ನನ್ನನ್ನು ಕೇಳಿದರೆ, ಕಂಪನಿ ಯಾವುದು ಅನ್ನುವುದಕ್ಕಿಂತ ಗುರುತು ಇದೆಯಾ, ಗೀರು ಎಷ್ಟು ಆಳ ಉಳಿದಿದೆ ಅನ್ನುವುದೇ ಮುಖ್ಯ.

ಎರಡೇ ಟೈರು ಹಾಕಿಸುವ ಅಭ್ಯಾಸ

ಊರಲ್ಲಿ ಮುಂದಿನ ಎರಡು ಸವೆದರೆ ಎರಡೇ ಹೊಸದು, ಅದೂ ಮುಂದಕ್ಕೇ. ಸ್ಟೆಪ್ನಿಯಲ್ಲಿದ್ದದ್ದನ್ನು ಹಿಂದಕ್ಕೆ. ಇಲ್ಲಿ ಅದನ್ನು ಬಿಡಿ. ನಾಲ್ಕೂ ಒಂದೇ ಜಾತಿ ಇರಬೇಕು. ಮುಂದೆ ಒಳ್ಳೆಯ ಹಿಡಿತ, ಹಿಂದೆ ಹಳೇ ಟೈರು ಇದ್ದರೆ ತಿರುವಿನಲ್ಲಿ ಹಿಂಭಾಗ ಬೀಸಿಕೊಂಡು ಕಾರೇ ಸುತ್ತುತ್ತದೆ. ನಮ್ಮ ಸಂಘದ ಒಂದು ಕುಟುಂಬದ ಕಾರು ಸಂಕ್ರಾಂತಿ ಕಾರ್ಯಕ್ರಮಕ್ಕೆ ಬರುವಾಗ ಹೀಗೇ ಸುತ್ತಿ ಪಕ್ಕದ ಹಿಮದ ರಾಶಿಗೆ ಹೋಗಿ ನಿಂತಿತು. ಒಂದು ಅಂಗಡಿಯವರು ಎರಡು ಸಾಕು ಅಂದಿದ್ದರಂತೆ. ಯಾರೇ ಹೇಳಲಿ, ಒಪ್ಪಬೇಡಿ.

ಇನ್ನು "ನಮ್ಮದು ಆಲ್ ವೀಲ್ ಡ್ರೈವ್" ಅನ್ನುವವರಿಗೆ. ನಾಲ್ಕು ಚಕ್ರ ಎಳೆಯುವುದು ಹೊರಡಲು ಸಹಾಯ, ನಿಲ್ಲಲು ಅಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕೇ ಚಕ್ರಕ್ಕೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಈ ವಾದ ಮಾಡಬಾರದು.

ಕೊಳ್ಳುವಾಗ

- ಅಳತೆ ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲಿದೆ, 205/55ಆರ್16 ಅನ್ನುವ ಥರ.
- ತಯಾರಾದ ವಾರ: ಟೈರಿನ ಪಕ್ಕೆಯಲ್ಲಿ ಡಾಟ್ (DOT) ಅಂತ ಶುರುವಾಗುವ ಸಂಖ್ಯೆಯ ಕೊನೆಯ 4 ಅಂಕಿ. 3523 ಅಂದರೆ 2023ರ 35ನೇ ವಾರ.
- ಒಟ್ಟು ಬೆಲೆ ಕೇಳಿ: ಜೋಡಿಸುವ ಕೂಲಿ, ಬ್ಯಾಲೆನ್ಸಿಂಗ್, ಪರಿಸರ ಶುಲ್ಕ, ಮೇಲೆ 13 ಶೇಕಡ ಎಚ್‌ಎಸ್‌ಟಿ ಎಂಬ ಮಾರಾಟ ತೆರಿಗೆ.
- ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ. ಒಂಟಾರಿಯೊದಲ್ಲಿ 2016ರ ಜನವರಿ 1ರಿಂದ ವಿಂಟರ್ ಟೈರಿಗೆ ರಿಯಾಯಿತಿ ಕೊಡಲೇಬೇಕು. ಆಲ್ ವೆದರ್‌ಗೂ ಕೊಡುತ್ತಾರಾ ಕೇಳಿ. ರಸೀದಿ ಇಟ್ಟುಕೊಳ್ಳಿ.
- ಮಾಂಟ್ರಿಯಲ್ ಕಡೆ ಮನೆ ಬದಲಿಸುವವರಿಗೆ: ಕ್ವಿಬೆಕ್‌ನಲ್ಲಿ ನೋಂದಾಯಿಸಿದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ, ಇಲ್ಲದಿದ್ದರೆ 200 ಡಾಲರ್‌ನಿಂದ ದಂಡ.

ಹಾಕಿಸಿದ ಮೇಲೆ

ಸುಮಾರು 100 ಕಿಲೋಮೀಟರ್ ಓಡಿಸಿ ಚಕ್ರದ ನಟ್ಟು ಮತ್ತೆ ಬಿಗಿ ಮಾಡಿಸಿ. ಗಾಳಿ ತಿಂಗಳಿಗೊಮ್ಮೆ ನೋಡಿ. ತಾಪಮಾನ ಸುಮಾರು 5 ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ 1 ಪಿಎಸ್‌ಐ ಇಳಿಯುತ್ತದೆ. ಇಲ್ಲಿ ಪಂಕ್ಚರ್ ಅಂಗಡಿಯ ಹುಡುಗ ಬಂದು ಹೊಡೆದುಕೊಡುವುದಿಲ್ಲ, ಪೆಟ್ರೋಲ್ ಬಂಕಿನಲ್ಲಿ ನೀವೇ ಹೊಡೆಯಬೇಕು. ಗೀರಿನ ಆಳ 4 ಮಿಲಿಮೀಟರ್ ಹತ್ತಿರ ಬಂದರೆ ಹಿಮಕ್ಕೆ ಆ ಟೈರು ಮುಗಿಯಿತು ಅಂತಲೇ ಲೆಕ್ಕ. ಬೆಟ್ಟದ ಗುರುತು ಪಕ್ಕೆಯ ಮೇಲೆ ಹಾಗೇ ಇರುತ್ತದೆ, ಹಿಡಿತ ಇರುವುದಿಲ್ಲ.

ಅಳೆಯುವುದು ಗೊತ್ತಾಗದಿದ್ದರೆ ನವೆಂಬರ್‌ನ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಬನ್ನಿ. ಸ್ವಯಂಸೇವಕರು ಅಳತೆ ಕಡ್ಡಿ ಹಿಡಿದು ಪಾರ್ಕಿಂಗ್ ಜಾಗದಲ್ಲಿ ಇರುತ್ತೇವೆ. ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿ, ಮುಂದಿನ ಟೈರು ಚೆನ್ನಾಗಿ ಕಾಣುತ್ತದೆ.