ಬೈಬಲ್‌ನಲ್ಲಿ ತಪ್ಪಿದೆಯೇ ಎಂಬ ಇವ್ಯಾಂಜೆಲಿಕಲ್ ವಾದವನ್ನು ಓದುವ ಕ್ರಮ

ಬೈಬಲ್‌ನಲ್ಲಿ ತಪ್ಪುಗಳಿವೆಯೇ ಎಂದು ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತರು (ಬೈಬಲ್‌ನ ಅಧಿಕಾರಕ್ಕೆ ಒತ್ತು ಕೊಡುವ ಪ್ರಾಟೆಸ್ಟೆಂಟರು) ದಶಕಗಳಿಂದ ನಡೆಸುತ್ತಿರುವ ವಾದವನ್ನು ತಿಳಿಯಬೇಕಾದರೆ, ವಚನಗಳ ಚರ್ಚೆಗೆ ಇಳಿಯುವ ಮೊದಲು ಮಾತನಾಡುವವರು ಯಾವ ಹೇಳಿಕೆಗೆ ಬದ್ಧರೆಂಬುದನ್ನು ಕಂಡುಕೊಳ್ಳಿ. 1949ರಲ್ಲಿ ಸ್ಥಾಪನೆಯಾದ ಇವ್ಯಾಂಜೆಲಿಕಲ್ ಥಿಯಲಾಜಿಕಲ್ ಸೊಸೈಟಿ ಎಂಬ ವಿದ್ವಾಂಸರ ಸಂಘದ ಸದಸ್ಯರು, ಬೈಬಲ್ ತನ್ನ ಮೂಲಪ್ರತಿಗಳಲ್ಲಿ ದೋಷರಹಿತವೆಂಬುದಕ್ಕೆ ಸಹಿ ಹಾಕುತ್ತಾರೆ. ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿ ಎಂಬ ದೇವತಾಶಾಸ್ತ್ರದ ವಿದ್ಯಾಲಯವಾದರೋ 1972ರಲ್ಲಿ ತನ್ನ ಹೇಳಿಕೆಯನ್ನು ಬದಲಿಸಿ, ನಂಬಿಕೆಗೂ ನಡವಳಿಕೆಗೂ ತಪ್ಪದ ಪ್ರಮಾಣವೆಂದರೆ ಬೈಬಲೊಂದೇ ಎಂಬಲ್ಲಿಗೆ ನಿಂತಿತು. ಎರಡೂ ಕಡೆಯವರು ಅದನ್ನು ದೇವರ ವಾಕ್ಯವೆಂದೇ ನಂಬುತ್ತಾರೆ. ಹೊರಗಿನವರು ಮರೆಯುವುದು ಇದನ್ನೇ.

ಬಳಿಕ ದೋಷರಹಿತತೆಯನ್ನು ಸಮರ್ಥಿಸುವವರು ಹೊರಡಿಸಿದ 1978ರ ಶಿಕಾಗೋ ಹೇಳಿಕೆಯ 19 ವಿಧಿಗಳನ್ನು ಓದಿ. ಪ್ರತಿ ವಿಧಿಯಲ್ಲಿಯೂ ಒಪ್ಪುವ ಭಾಗವೊಂದು, ನಿರಾಕರಿಸುವ ಭಾಗವೊಂದು ಇದ್ದು, ತಿರುಳು ಹೆಚ್ಚಾಗಿ ನಿರಾಕರಣೆಯಲ್ಲಿಯೇ ಇದೆ. ದೋಷರಹಿತತೆ ಆಧ್ಯಾತ್ಮಿಕ ವಿಷಯಗಳಿಗೆ ಮಾತ್ರ ಸೀಮಿತವೆಂಬುದನ್ನು 12ನೆಯ ವಿಧಿ ತಳ್ಳಿಹಾಕುತ್ತದೆ. ಸ್ಥೂಲ ಸಂಖ್ಯೆ, ಅತಿಶಯೋಕ್ತಿ, ವ್ಯಾಕರಣದ ಏರುಪೇರು, ಪ್ರಕೃತಿಯನ್ನು ಕಣ್ಣಿಗೆ ಕಂಡಂತೆ ಬಣ್ಣಿಸುವುದು ಇವಾವುವೂ ದೋಷವಲ್ಲವೆಂದು 13ನೆಯದು ಹೇಳುತ್ತದೆ. ಆದ್ದರಿಂದ ಇಂಥವನ್ನು ಎತ್ತಿ ತೋರಿಸಿ ಆ ಹೇಳಿಕೆಯನ್ನು ಮುರಿದೆವೆಂದುಕೊಳ್ಳುವುದು ವ್ಯರ್ಥ.

ಈಗ ಎರಡು ವಚನಗಳನ್ನು ಪರೀಕ್ಷಿಸಿ. ಯೆಹೂದದ ಅರಸ ಯೆಹೋಯಾಖೀನನು ಪಟ್ಟಕ್ಕೆ ಬಂದಾಗ ಅವನಿಗೆ 18 ವರ್ಷವೆಂದು 2 ಅರಸುಗಳು 24:8ರಲ್ಲಿದೆ. 2 ಪೂರ್ವಕಾಲವೃತ್ತಾಂತ 36:9ರ ಹೆಚ್ಚಿನ ಇಬ್ರಿಯ ಪ್ರತಿಗಳಲ್ಲಿ 8 ಎಂದಿದೆ. ಇಲ್ಲಿ ನಕಲುಗಾರನ ಕೈತಪ್ಪೆಂಬ ಉತ್ತರ ಸಲ್ಲುತ್ತದೆ, ಏಕೆಂದರೆ 18 ಎಂದಿರುವ ಹಳೆಯ ಸಾಕ್ಷ್ಯಗಳೂ ಉಳಿದಿವೆ. ಮಾರ್ಕ 2:26ರ ತೊಡಕು ಬೇರೆ ಬಗೆಯದು. ದಾವೀದನು ಸಮರ್ಪಿತ ರೊಟ್ಟಿಯನ್ನು ತಿಂದದ್ದು ಎಬ್ಯಾತಾರನು ಮಹಾಯಾಜಕನಾಗಿದ್ದಾಗ ಎಂದು ಅಲ್ಲಿದೆ. 1 ಸಮುವೇಲ 21ರಲ್ಲಿ ಆ ರೊಟ್ಟಿಯನ್ನು ಕೊಟ್ಟವನು ಎಬ್ಯಾತಾರನ ತಂದೆ ಅಹೀಮೆಲೆಕ. ಇದೇ ಪ್ರಸಂಗವನ್ನು ಹೇಳುವ ಮತ್ತಾಯ, ಲೂಕರು ಆ ಹೆಸರನ್ನೇ ಬಿಟ್ಟಿದ್ದಾರೆ. ‘ಎಬ್ಯಾತಾರನ ಕುರಿತಾದ ಭಾಗದಲ್ಲಿ’ ಎಂದು ಅರ್ಥಮಾಡಬೇಕೆಂಬ ಸಮರ್ಥನೆಯುಂಟು. ಅದು ಅಸಾಧ್ಯವಲ್ಲ, ಆದರೆ ಎಳೆದು ತಂದದ್ದೆಂದು ನನಗೆ ತೋರುತ್ತದೆ. ಯಾವ ಉತ್ತರಕ್ಕೆ ಹಸ್ತಪ್ರತಿಯ ಆಧಾರವಿದೆ, ಯಾವುದು ಊಹೆ ಎಂದು ಬೇರೆಬೇರೆಯಾಗಿ ಗುರುತಿಸಿಕೊಳ್ಳಿ.

ಕೊನೆಗೆ, ಜಗಳ ತಪ್ಪಿನ ಕುರಿತೋ ಪಠ್ಯದ ಸಾಹಿತ್ಯ ಪ್ರಕಾರದ ಕುರಿತೋ ಎಂದು ಕೇಳಿ. ಹೊಸ ಒಡಂಬಡಿಕೆಯ ವಿದ್ವಾಂಸ ರಾಬರ್ಟ್ ಗಂಡ್ರಿ ದೋಷರಹಿತತೆಯನ್ನು ಒಪ್ಪಿದವರೇ. ಆದರೂ ಯೇಸುವಿನ ಜನನದ ಕಥೆಯಲ್ಲಿ ಮತ್ತಾಯನು ಲೂಕನ ಕುರುಬರನ್ನು ಜೋಯಿಸರನ್ನಾಗಿ ಮಾರ್ಪಡಿಸಿದನೆಂದು ಬರೆದುದರಿಂದ, 1983ರಲ್ಲಿ ಸೊಸೈಟಿ ಮತ ಹಾಕಿ ಅವರ ರಾಜೀನಾಮೆ ಕೇಳಿತು. ಮತ್ತಾಯ 27ರಲ್ಲಿ ಸಮಾಧಿಗಳಿಂದೆದ್ದ ಪರಿಶುದ್ಧರ ಪ್ರಸಂಗ ಕಾವ್ಯಾಲಂಕಾರವಿರಬಹುದೆಂದ ವಿದ್ವಾಂಸ ಮೈಕಲ್ ಲಿಕೋನಾರನ್ನು 2011ರಲ್ಲಿ ದೇವತಾಶಾಸ್ತ್ರಜ್ಞ ನಾರ್ಮನ್ ಗೈಸ್ಲರ್ ಆಕ್ಷೇಪಿಸಿದ್ದೂ ಇದೇ ಕಾರಣಕ್ಕೆ. ಇಂಥ ಸಂದರ್ಭಗಳಲ್ಲಿ 13ನೆಯ ವಿಧಿಯ ಜೊತೆಗೆ 18ನೆಯದನ್ನೂ ತೆರೆದಿಟ್ಟುಕೊಳ್ಳಿ: ಸಾಹಿತ್ಯ ರೂಪವನ್ನು ಗಮನಿಸಬೇಕೆನ್ನುವುದೂ ಅದೇ, ಪಠ್ಯದ ಐತಿಹಾಸಿಕತೆಯನ್ನು ಅಳಿಸಬಾರದೆನ್ನುವುದೂ ಅದೇ, ಒಂದು ಪಕ್ಷ ಮೊದಲ ಮಾತನ್ನು ಹಿಡಿದರೆ ಇನ್ನೊಂದು ಎರಡನೆಯದನ್ನು ಹಿಡಿಯುತ್ತದೆ.