ಮೈಕ್ರೋಕ್ಯಾಸೆಟ್ಟಿನ ಮಾತನ್ನು ಅಕ್ಷರಕ್ಕಿಳಿಸಿದ ಬಗೆ

ಬೆಂಕಿಪೊಟ್ಟಣದ ಗಾತ್ರದ ಮೈಕ್ರೋಕ್ಯಾಸೆಟ್ಟನ್ನು ಒಲಿಂಪಸ್ ಕಂಪನಿ ಹೊರತಂದದ್ದು 1969ರಲ್ಲಿ. ಕೈಯಲ್ಲಿ ಹಿಡಿದು ಡಿಕ್ಟೇಷನ್ ಕೊಡುವ ರೆಕಾರ್ಡರುಗಳಿಗೂ ಫೋನಿನ ಪಕ್ಕದ ಆನ್ಸರಿಂಗ್ ಮಷೀನುಗಳಿಗೂ ದಶಕಗಳ ಕಾಲ ಇದೇ ಟೇಪು. ಹೀಗಾಗಿ ಮನೆಗಳ ಬೀರುಗಳಲ್ಲಿ, ಕಚೇರಿಗಳ ಕಪಾಟುಗಳಲ್ಲಿ ಎಷ್ಟೋ ಜನರ ದನಿ ಇದರಲ್ಲೇ ಉಳಿದುಕೊಂಡಿದೆ. ಅಂಥ ಕನ್ನಡ ಟೇಪುಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಅಲ್ಲಿಂದ ಬರಹಕ್ಕೆ ಇಳಿಸುವ ಕೆಲಸವನ್ನು ನಾನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕೆಲಸದ ಮುಕ್ಕಾಲು ಪಾಲು ತೀರ್ಮಾನವಾಗುವುದು ಟೇಪು ದನಿ ಓದುವ ಹೆಡ್ಡಿಗೆ ತಾಗುವ ಜಾಗದಲ್ಲಿ. ಅಲ್ಲಿ ಕಳೆದುಹೋದ ‘ಶ’ಕಾರವನ್ನು ಆಮೇಲೆ ಯಾವ ಸಾಫ್ಟ್‌ವೇರೂ ವಾಪಸು ತಂದುಕೊಡುವುದಿಲ್ಲ.

ಮೊದಲು ಕ್ಯಾಸೆಟ್ ಯಾವುದೆಂದು ಖಾತ್ರಿ ಮಾಡಿಕೊಳ್ಳಬೇಕು. ಫಿಲಿಪ್ಸ್ 1967ರಲ್ಲಿ ತಂದ ಮಿನಿಕ್ಯಾಸೆಟ್ ನೋಡಲು ಹೆಚ್ಚು ಕಡಿಮೆ ಹೀಗೇ ಇರುತ್ತದೆ, ಆದರೆ ಅದರ ಯಂತ್ರವೇ ಬೇರೆ. ಟೇಪನ್ನು ಒಂದೇ ವೇಗದಲ್ಲಿ ಎಳೆಯುವ ಕ್ಯಾಪ್‌ಸ್ಟನ್ ಎಂಬ ಸಣ್ಣ ದಂಡ ಅಲ್ಲಿ ಇಲ್ಲ, ಸುರುಳಿಯನ್ನೇ ತಿರುಗಿಸಿ ಟೇಪು ಎಳೆಯುತ್ತಾರೆ. ಒಂದರ ಯಂತ್ರಕ್ಕೆ ಇನ್ನೊಂದನ್ನು ತುರುಕಿದರೆ ಎರಡೂ ಹಾಳು. ಮೈಕ್ರೋ ಎಂದು ಗೊತ್ತಾದ ಕೂಡಲೇ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಟ್ಯಾಬನ್ನು ಮುರಿದುಬಿಡುತ್ತೇನೆ. ರೆಕಾರ್ಡ್ ಗುಂಡಿ ತಪ್ಪಿ ಒತ್ತಿಹೋದರೂ ಅಳಿಸಿಹೋಗುವ ಭಯವಿಲ್ಲ. ಕಿಟಕಿಯಿಂದ ನೋಡಿದಾಗ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ಮಳೆಗಾಲದ ಕರಾವಳಿ, ಮಲೆನಾಡಿನಿಂದ ಬಂದ ಟೇಪುಗಳಲ್ಲಿ ಇದು ಮಾಮೂಲು. ಅಂಥದ್ದನ್ನು ಹಾಗೇ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಟೇಪಿಗೂ ಹತ್ತುತ್ತದೆ. ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಟ್ಟು ಕೆಲವು ದಿನ ಒಣಗಿಸಿ, ಆಮೇಲೆ ಸ್ವಚ್ಛ ಮಾಡುವ ಮಾತು. ಸರಿಯಿರುವ ಟೇಪನ್ನು ಪ್ಲೇ ಮಾಡುವ ಮುಂಚೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿದರೆ ಬಿಗಿ ಒಂದೇ ಸಮನಾಗುತ್ತದೆ.

ಯಂತ್ರ ಕೊಳ್ಳುವಾಗ ಎರಡು ವೇಗ ಇರುವುದನ್ನೇ ನೋಡಿ: ಸೆಕೆಂಡಿಗೆ 2.4 ಸೆಂಟಿಮೀಟರ್ ಮತ್ತು 1.2 ಸೆಂಟಿಮೀಟರ್. ಎಂಸಿ-60 ಟೇಪು ಮೊದಲ ವೇಗದಲ್ಲಿ ಒಂದು ಬದಿಗೆ 30 ನಿಮಿಷ, ಎರಡನೆಯದರಲ್ಲಿ ಒಂದು ಗಂಟೆ ಓಡುತ್ತದೆ. ಹಳೆಯ ಯಂತ್ರಗಳಲ್ಲಿ ಮೊದಲು ಕೈಕೊಡುವುದು ಬೆಲ್ಟು. ರಬ್ಬರು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿರುತ್ತದೆ. ಅದನ್ನು ಹತ್ತಿಯ ಕಡ್ಡಿ ಮತ್ತು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಗಾಲಿಗಳ ಸುತ್ತಿನ ತೋಡಿನಿಂದ ಪೂರ್ತಿ ತೆಗೆಯಬೇಕು. ಹೊಸ ಬೆಲ್ಟು ಹಿಗ್ಗಿದ ಹಳೆಯದರ ಅಳತೆಗಿಂತ 5ರಿಂದ 10 ಶೇಕಡಾ ಚಿಕ್ಕದಿರಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಬೆಲ್ಟನ್ನೇ ಒಯ್ದು ಹೋಲಿಸಿ ಕೊಳ್ಳುವುದು ಸುಲಭ. ತೀರಾ ಬಿಗಿಯಾದರೆ ಮೋಟಾರು ಏದುಸಿರು ಬಿಡುತ್ತದೆ, ಸಡಿಲವಾದರೆ ದನಿ ತೂಗಾಡುತ್ತದೆ. ಕ್ಯಾಪ್‌ಸ್ಟನ್, ಹೆಡ್ಡು, ರಬ್ಬರ್ ರೋಲರ್ ಮೂರನ್ನೂ ಪ್ರತಿ ಟೇಪಿಗೆ ಮುಂಚೆ ಒರೆಸುತ್ತೇನೆ.

ಇನ್ನು ಅಜಿಮತ್, ಅಂದರೆ ಹೆಡ್ಡು ಟೇಪಿಗೆ ನಿಲ್ಲುವ ಕೋನ. ಹೆಡ್ಡಿನ ಮುಖದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇದೆ. ಅದು ಟೇಪು ಓಡುವ ದಿಕ್ಕಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲಬೇಕು. ಸ್ವಲ್ಪ ಓರೆಯಾದರೂ ಟ್ರ್ಯಾಕಿನ ಮೇಲ್ಭಾಗ ಒಂದು ಕ್ಷಣವನ್ನು, ಕೆಳಭಾಗ ಇನ್ನೊಂದು ಕ್ಷಣವನ್ನು ಓದಿ, ಸಣ್ಣ ಅಲೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಎಷ್ಟು ಸಣ್ಣ ಎಂದರೆ, 2.4 ಸೆಂಟಿಮೀಟರ್ ವೇಗದಲ್ಲಿ 4,000 ಹರ್ಟ್ಸಿನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ ಬರೀ 6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). 1.2ರ ವೇಗದಲ್ಲಿ ಅದು 3 ಮೈಕ್ರಾನ್. ದೊಡ್ಡ ಕ್ಯಾಸೆಟ್ಟಿನಲ್ಲಿ ಹೆಚ್ಚು ಕಡಿಮೆ 12 ಮೈಕ್ರಾನ್ ಇರುವುದರಿಂದ ಅಲ್ಲಿ ನಡೆದುಹೋಗುವ ಓರೆ ಇಲ್ಲಿ ನಡೆಯುವುದಿಲ್ಲ. ‘ಸ’, ‘ಶ’, ‘ಚ’ ಇವುಗಳ ಗುರುತು ಇರುವುದೇ ಇಂಥ ಸಣ್ಣ ಅಲೆಗಳಲ್ಲಿ.

ಹೆಡ್ಡಿನ ಪಕ್ಕದಲ್ಲಿ ಎರಡು ತಿರುಪುಗಳಿರುತ್ತವೆ. ತಿರುಗಿಸಬೇಕಾದ್ದು ಅಡಿಯಲ್ಲಿ ಸ್ಪ್ರಿಂಗ್ ಇರುವುದನ್ನು. ಅದು ಮೊದಲು ಇದ್ದ ಸ್ಥಾನಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟುಕೊಳ್ಳಿ. ಮಾತಿನಲ್ಲಿ ಸಕಾರಗಳು ಹೆಚ್ಚಿರುವ 20 ಸೆಕೆಂಡಿನ ತುಣುಕು ಹುಡುಕಿ, ಅದನ್ನೇ ಮತ್ತೆ ಮತ್ತೆ ಓಡಿಸುತ್ತಾ ಗಡಿಯಾರ ರಿಪೇರಿಯ ಸ್ಕ್ರೂಡ್ರೈವರಿನಿಂದ ಎಂಟನೇ ಒಂದು ಸುತ್ತಿಗಿಂತ ಹೆಚ್ಚಿಲ್ಲದಂತೆ ಆಚೀಚೆ ತಿರುಗಿಸಿ. ಒಂದು ಜಾಗದಲ್ಲಿ ಕಂಬಳಿ ಸರಿದ ಹಾಗೆ ದನಿ ತಟ್ಟನೆ ಬಿಚ್ಚಿಕೊಳ್ಳುತ್ತದೆ. ‘ಸಂಜೆ ಶಾಲೆಯ ಹತ್ತಿರ ಸಿಕ್ತೀನಿ’ ಎಂಬಲ್ಲಿ ‘ಸಂ’ ಮತ್ತು ‘ಶಾ’ ಬೇರೆ ಬೇರೆಯಾಗಿ ಕೇಳಿದರೆ ಸರಿಯಾಯಿತು. ಟೇಪು ಯಾವ ಯಂತ್ರದಲ್ಲಿ ರೆಕಾರ್ಡ್ ಆಗಿತ್ತೋ ಅದರ ಓರೆಯೇ ಇಲ್ಲಿ ಲೆಕ್ಕ. ಆದ್ದರಿಂದ ಒಂದು ಟೇಪಿಗೆ ಕೂಡಿಸಿದ್ದು ಮುಂದಿನದಕ್ಕೆ ಹೊಂದುತ್ತದೆ ಎಂದು ನಂಬಬಾರದು. ಪ್ರತಿ ಸಲವೂ ಕಿವಿಯಿಂದಲೇ ನೋಡಬೇಕು.

ಯಂತ್ರದ ಇಯರ್‌ಫೋನ್ ಜ್ಯಾಕಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ವೈರು. ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡುಗಳಲ್ಲಿ ಲೈನ್-ಇನ್ ಇರುವುದಿಲ್ಲ, ಮೈಕ್ ಕಿಂಡಿ ಮಾತ್ರ. ಅದಕ್ಕೆ ನೇರ ಕೊಟ್ಟರೆ ದನಿ ಒಡೆದು ಬರುತ್ತದೆ. ಸಿಗ್ನಲ್ ತಂತಿಗೆ 10 ಕಿಲೋಓಮ್ ರೆಸಿಸ್ಟರನ್ನು ಸರಣಿಯಲ್ಲಿ, ಅದರ ಆಚೆ ತುದಿಯಿಂದ ಗ್ರೌಂಡಿಗೆ 1 ಕಿಲೋಓಮ್ ಹಾಕಿದರೆ ಮಟ್ಟ ಹನ್ನೊಂದನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೈಕ್ ಕಿಂಡಿಯಿಂದ ಹೊರಬರುವ ಡಿಸಿ ವೋಲ್ಟೇಜನ್ನು ತಡೆಯಲು ಕಾರ್ಡಿನ ಕಡೆಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ಯಂತ್ರಕ್ಕೆ ಅಡಾಪ್ಟರ್ ಬೇಡ, ಹೊಸ ಆಲ್ಕಲೈನ್ ಸೆಲ್ಲು ಹಾಕಿ. ಅಡಾಪ್ಟರಿನ ಗುಂಯ್ ಸದ್ದು ಮಾತಿನ ಅಡಿಯಲ್ಲಿ ಕೂತುಬಿಡುತ್ತದೆ.

ದನಿ ರೆಕಾರ್ಡ್ ಮಾಡಿ ತಿದ್ದುವ ಅಡಾಸಿಟಿ ಸಾಫ್ಟ್‌ವೇರಿನಲ್ಲಿ ಮೋನೊ, 48,000 ಹರ್ಟ್ಸ್, 24 ಬಿಟ್, ವೇವ್ ಫೈಲು. 30 ನಿಮಿಷಕ್ಕೆ ಸುಮಾರು 260 ಎಂಬಿ ಆಗುತ್ತದೆ. ಅತಿ ಜೋರಿನ ಮಾತು ಮೈನಸ್ 6 ಡೆಸಿಬೆಲ್ ದಾಟದಂತೆ ಇಡುತ್ತೇನೆ. 1.2ರ ವೇಗದಲ್ಲಿ ರೆಕಾರ್ಡ್ ಆದ ಟೇಪು ಬಂದು, ಯಂತ್ರದಲ್ಲಿ ಆ ವೇಗ ಇಲ್ಲದಿದ್ದರೆ 2.4ರಲ್ಲೇ ತೆಗೆದುಕೊಂಡು ಚೇಂಜ್ ಸ್ಪೀಡ್‌ನಲ್ಲಿ 0.5 ಕೊಡಿ. ಚೇಂಜ್ ಟೆಂಪೋ ಅಲ್ಲ. ಅದು ವೇಗ ಇಳಿಸಿದರೂ ಕೀರಲು ದನಿ ಹಾಗೇ ಉಳಿಯುತ್ತದೆ. ವೇಗದ ಸಣ್ಣಪುಟ್ಟ ವ್ಯತ್ಯಾಸ ಹಿಡಿಯಲು ಆನ್ಸರಿಂಗ್ ಮಷೀನಿನ ಟೇಪುಗಳಲ್ಲಿ ಒಳ್ಳೆಯ ದಾರಿಯಿದೆ. ಕರೆ ಮಾಡಿದವರು ಫೋನಿಟ್ಟ ಮೇಲೆ ಲೈನಿನ ಟೋನು ಒಮ್ಮೊಮ್ಮೆ ರೆಕಾರ್ಡ್ ಆಗಿರುತ್ತದೆ. ನಮ್ಮ ದೇಶದ ಬ್ಯುಸಿ ಟೋನು 400 ಹರ್ಟ್ಸ್. ಅಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಂನಲ್ಲಿ ಅದು 412 ಎಂದು ತೋರಿಸಿದರೆ ನಿಮ್ಮ ಯಂತ್ರ 3 ಶೇಕಡಾ ವೇಗವಾಗಿ ಓಡುತ್ತಿದೆ.

ಡಿಕ್ಟೇಷನ್ ರೆಕಾರ್ಡರುಗಳಲ್ಲಿ ಮಾತು ಬಂದಾಗ ಮಾತ್ರ ಮೋಟಾರು ಹೊರಡುವ ಸೌಲಭ್ಯ ಇತ್ತು. ಟೇಪು ಉಳಿಯುತ್ತಿತ್ತು, ನಿಜ, ಆದರೆ ಮೋಟಾರು ವೇಗ ಹಿಡಿಯುವಷ್ಟರಲ್ಲಿ ಮೊದಲ ವ್ಯಂಜನ ಹೋಗಿಬಿಡುತ್ತಿತ್ತು. ‘ಕೊಟ್ಟೆ’ ಎಂದದ್ದು ‘ಒಟ್ಟೆ’ ಎಂದು ಕೇಳುತ್ತದೆ, ಅದರ ಜೊತೆಗೆ ದನಿ ಮೇಲಿನಿಂದ ಕೆಳಕ್ಕೆ ಜಾರಿದ ಹಾಗಿರುತ್ತದೆ. ಟೇಪಿನಲ್ಲೇ ಇಲ್ಲದ್ದನ್ನು ತರಲಾಗದು. ಆ ಜಾರುವಿಕೆ ಕೇಳಿದ ಕಡೆಯೆಲ್ಲ ಮೊದಲಕ್ಷರ ಹೋಗಿದೆ ಎಂದು ತಿಳಿದು ವಾಕ್ಯದ ಅರ್ಥ ಹಿಡಿದು ಬರೆಯಬೇಕು. ಖಾಲಿ ಜಾಗ ಕತ್ತರಿಸುವ ಟ್ರಂಕೇಟ್ ಸೈಲೆನ್ಸ್ ಬಳಸುವವರು ಅವಧಿಯನ್ನು ಅರ್ಧ ಸೆಕೆಂಡಿಗಿಂತ ಇಳಿಸಲೇಬೇಡಿ. ಕನ್ನಡದ ಒತ್ತಕ್ಷರದ ಜೀವ ಇರುವುದು ಆ ಚೂರು ಮೌನದಲ್ಲಿ. 0.1 ಸೆಕೆಂಡಿಗೆ ಇಟ್ಟರೆ ‘ಕತ್ತೆ’ ಹೋಗಿ ‘ಕತೆ’ ಆಗುತ್ತದೆ. ನಾಯ್ಸ್ ರಿಡಕ್ಷನ್ ಕೂಡ 6 ಡೆಸಿಬೆಲ್ ಸಾಕು. ಹೆಚ್ಚಿಸಿದರೆ ಟೇಪಿನ ಸುಯ್ ಸದ್ದಿನ ಜೊತೆ ‘ಸ’ಕಾರವೂ ಹೋಗುತ್ತದೆ. ಮೂಲ ಫೈಲನ್ನು ಮುಟ್ಟದೆ ನಕಲಿನ ಮೇಲೆ ಮಾತ್ರ ಇದನ್ನೆಲ್ಲ ಮಾಡುತ್ತೇನೆ.

ಬರಹಕ್ಕೆ ಇಳಿಸಲು ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಬಳಸಿ ನೋಡಿದೆ. ಅದು ಶಬ್ದವನ್ನು 16,000 ಹರ್ಟ್ಸಿಗೆ ಇಳಿಸಿ, 30 ಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ಬರಹದ ಕಡೆಗೆ 448 ಟೋಕನ್ನುಗಳ, ಅಂದರೆ ಅದು ಬರಹವನ್ನು ಒಡೆದುಕೊಳ್ಳುವ ಚೂರುಗಳ, ಮಿತಿ. ಇಂಗ್ಲಿಷಿಗೆ ಇದು ಧಾರಾಳ. ಕನ್ನಡದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಕಂಪ್ಯೂಟರು ಅಕ್ಷರ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ 18 ಬೈಟು ಹಿಡಿಯುತ್ತದೆ, ಅದು ಟೋಕನ್ನುಗಳಾಗಿ ಚೂರುಚೂರಾಗುತ್ತದೆ. ವೇಗವಾಗಿ ಮಾತಾಡಿದ 30 ಸೆಕೆಂಡಿನ ಕೊನೆಯ ವಾಕ್ಯ ಮಾಯವಾಗುವುದು ಇದರಿಂದಲೇ. ಉಸಿರು ತೆಗೆದುಕೊಳ್ಳುವ ಜಾಗ ನೋಡಿ 12ರಿಂದ 15 ಸೆಕೆಂಡಿನ ತುಂಡು ಮಾಡಿದ ಮೇಲೆ ಈ ತೊಂದರೆ ನಿಂತಿತು. ಭಾಷೆಯನ್ನು ಕನ್ನಡವೆಂದು ನಾವೇ ಹೇಳಬೇಕು. ಹಿಂದಿನ ಬರಹವನ್ನು ಆಧರಿಸುವ ಆಯ್ಕೆಯನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಒಂದೇ ಪದವನ್ನು ಸಾಲುಗಟ್ಟಲೆ ಬರೆಯುತ್ತಾ ಹೋಗುತ್ತದೆ. ಮಾತಿಲ್ಲದ ಕಡೆ ಇಲ್ಲದ ವಾಕ್ಯ ಹುಟ್ಟಿಸುವ ಚಾಳಿಯೂ ಇದೆ. ಆದ್ದರಿಂದ ಖಾಲಿ ತುಂಡುಗಳನ್ನು ಮೊದಲೇ ಬೇರೆ ತೆಗೆಯಿರಿ.

ಆದರೂ ಹಳೆಯ ಟೇಪಿಗೆ ನನಗೆ ಹೆಚ್ಚು ಒಗ್ಗಿದ್ದು ಮರುನುಡಿ. ಹೆಡ್‌ಫೋನಿನಲ್ಲಿ ಟೇಪಿನ ಮಾತು ಕೇಳಿಸಿಕೊಳ್ಳುತ್ತಾ ಅದನ್ನೇ ನನ್ನ ದನಿಯಲ್ಲಿ ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್‌ಗೆ ಹೇಳುವುದು. ಗೂಗಲ್ ತನ್ನ ಧ್ವನಿ ಗುರುತಿಸುವಿಕೆಗೆ ಕನ್ನಡ ಸೇರಿಸಿದ್ದು 2017ರಲ್ಲಿ. ಕ್ರೋಮ್ ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ ಪಟ್ಟಿಯಲ್ಲಿ ಕನ್ನಡ ಆರಿಸಿ. ಟೇಪಿನ ಸದ್ದು, ಕಳೆದ ಸಕಾರ, ಜಾರುವ ದನಿ ಯಾವುದೂ ಯಂತ್ರದವರೆಗೆ ಹೋಗುವುದಿಲ್ಲ. ಕಷ್ಟದ ಭಾಗವನ್ನು ಕಿವಿಯೇ ಮಾಡಿಕೊಡುತ್ತದೆ. ಮೈಕು ಬಾಯಿಂದ ನಾಲ್ಕು ಬೆರಳು ದೂರ, ಓರೆಯಾಗಿ. ಎಂಟು ಹತ್ತು ಪದ ಹೇಳಿ ಅಕ್ಷರ ಮೂಡುವವರೆಗೆ ಕಾಯಿರಿ. ಆಡುಮಾತನ್ನು ಆಡಿದಂತೆಯೇ ಬರೆಸುವುದು ಇಲ್ಲಿ ಕಷ್ಟ. ಧಾರವಾಡದ ಕಡೆಯ ‘ಬರ್ತೇನ್ರಿ’, ‘ಹೇಳ್ಯಾನ’ ಬಂದ ಕಡೆ ಮಾತಿಗೆ ಬಿಡದೆ ಕೈಯಿಂದಲೇ ಟೈಪು ಮಾಡುತ್ತೇನೆ. ಊರು, ಮನೆತನದ ಹೆಸರುಗಳಿಗೂ ಹಾಗೆಯೇ. ಪೂರ್ಣವಿರಾಮ, ಪ್ರಶ್ನೆ ಚಿಹ್ನೆಗಳನ್ನು ಕೊನೆಯಲ್ಲಿ ಒಟ್ಟಿಗೆ ಹಾಕುವುದು ವಾಸಿ.

ಕೇಳಿಸದ ಪದಕ್ಕೆ ಊಹೆ ಬರೆಯುವುದಿಲ್ಲ. ಚೌಕ ಕಂಸದಲ್ಲಿ ನಿಮಿಷ, ಸೆಕೆಂಡು ಬರೆದು ಬಿಟ್ಟಿರುತ್ತೇನೆ, ಉದಾಹರಣೆಗೆ [17:42]. ಮಾತಾಡಿದವರ ಮನೆಯವರಿಗೆ ಆ ಜಾಗಗಳನ್ನಷ್ಟೇ ಕೇಳಿಸಿದಾಗ ಅರ್ಧಕ್ಕಿಂತ ಹೆಚ್ಚು ತುಂಬಿಕೊಂಡಿವೆ. ಅಜ್ಜಿ ಕರೆಯುತ್ತಿದ್ದ ಅಡ್ಡಹೆಸರು, ಹೊಲದ ಹೆಸರು ಅವರಿಗೆ ತಾನೇ ಗೊತ್ತಿರುವುದು?